ಅವ್ವನ ವೆಂಟಿಲೇಟರ್ ತೆಗ್ಸೋಕೆ ನಾವು ಪಟ್ಟ ಪಾಡು: ಲಿವಿಂಗ್ ವಿಲ್ ಇದ್ರೂ ಏನೇನಾಯ್ತು

ತಿಥಿ ಮುಗೀತು, ನೆಂಟ್ರೆಲ್ಲ ವಾಪಸ್ ಹೋದ್ರು, ಈಗ ಕೂತು ಬರೀತಿದೀನಿ. ಐಸಿಯು ಹೊರಗಡೆ ಕೂತಿದ್ದಾಗ ಇದರ ಬಗ್ಗೆ ಕನ್ನಡದಲ್ಲಿ ಯಾರಾದ್ರೂ ಅನುಭವ ಬರ್ದಿದಾರಾ ಅಂತ ಮೊಬೈಲಲ್ಲಿ ಹುಡುಕಿ ಹುಡುಕಿ ಸಾಕಾಗಿತ್ತು. ಘನತೆಯಿಂದ ಸಾಯೋ ಹಕ್ಕು, ಸರ್ಕಾರ ಆದೇಶ ಮಾಡ್ತು ಅನ್ನೋ ನ್ಯೂಸೆಲ್ಲ ಸಿಗುತ್ತೆ, ಆದ್ರೆ ಯಾವ ಬಾಗ್ಲು ತಟ್ಟಬೇಕು, ಯಾರ ಸೈನ್ ಬೇಕು, ಆಸ್ಪತ್ರೆಯವ್ರು ಆಗಲ್ಲ ಅಂದ್ರೆ ಏನ್ ಹೇಳ್ಬೇಕು ಅನ್ನೋದು ಎಲ್ಲೂ ಇಲ್ಲ. ಅದಕ್ಕೇ ಸ್ವಲ್ಪ ಉದ್ದ ಆದ್ರೂ ಪೂರ್ತಿ ಬರೀತೀನಿ.

ನಮ್ಮೂರು ಪಾಂಡವಪುರದ ಹತ್ರ. ನಾನು ಮೈಸೂರಲ್ಲಿ ಕುವೆಂಪುನಗರದಲ್ಲಿದೀನಿ, ತಮ್ಮ ಊರಲ್ಲಿ ಕಬ್ಬು ಬೆಳ್ಕೊಂಡು ಅವ್ವನ ಜೊತೆಗಿದ್ದ. ಅಪ್ಪ ಹೋಗಿ ಬಹಳ ವರ್ಷ ಆಯ್ತು, ಅವ್ವ ಹಸು ಕಟ್ಟಿ ಡೈರಿಗೆ ಹಾಲು ಹಾಕಿ ನಮ್ಮಿಬ್ರನ್ನೂ ಓದ್ಸಿದ್ದು. ಮೊದ್ಲು ಗೊತ್ತಾಗಿದ್ದು ಮುದ್ದೆಯಿಂದ. ಮುದ್ದೆ ಅಗಿಯೋದಲ್ಲ ನುಂಗೋದು ಅಲ್ವಾ, ಒಂದಿನ ಗಂಟ್ಲಲ್ಲಿ ಸಿಕ್ಕಾಕ್ಕೊಂಡು ಕಣ್ಣಲ್ಲೆಲ್ಲ ನೀರು ಬಂತು, ಆಮೇಲೆ ದಿನಾ ಹಂಗೇ ಆಗೋಕೆ ಶುರುವಾಯ್ತು, ಮಾತು ತೊದಲೋಕೆ ಶುರುವಾಯ್ತು. ಸ್ಟ್ರೋಕ್ ಅಂದ್ರು, ಥೈರಾಯ್ಡ್ ಅಂದ್ರು, ನರದ ವೀಕ್ನೆಸ್ ಅಂತ ಇಂಜೆಕ್ಷನ್ ಚುಚ್ಚುದ್ರು, ಕೊನೆಗೆ ಬೆಂಗಳೂರು ನಿಮ್ಹಾನ್ಸ್‌ನಲ್ಲಿ ಇಎಂಜಿ ಅನ್ನೋ ನರ-ಮಾಂಸಖಂಡದ ಪರೀಕ್ಷೆ ಮಾಡಿ ಮೋಟಾರ್ ನ್ಯೂರಾನ್ ಡಿಸೀಸ್ ಅಂತ ಹೇಳಿದ್ರು. ವಾಸಿಯಾಗೋ ಕಾಯಿಲೆ ಅಲ್ಲ. ರಿಲುಜೋಲ್ ಅಂತ ಒಂದು ಮಾತ್ರೆ ಇದೆ, 50 ಎಂಜಿ ದಿನಕ್ಕೆರಡು, ಅದೂ ಕಾಯಿಲೇನ ಒಂದಷ್ಟು ತಿಂಗಳು ನಿಧಾನ ಮಾಡುತ್ತೆ ಅಷ್ಟೇ. ಕೈಕಾಲು, ನಾಲಿಗೆ, ಗಂಟ್ಲು ಎಲ್ಲ ಸೋಲುತ್ತೆ, ಕೊನೆಗೆ ಉಸಿರಾಡಿಸೋ ಮಾಂಸಖಂಡ ಸೋಲುತ್ತೆ. ಅವ್ವನ ತಲೆ ಮಾತ್ರ ಪೂರ್ತಿ ಚುರುಕಾಗಿತ್ತು. ಹಾಲಿನ ಲೆಕ್ಕ ಕೊನೇವರೆಗೂ ಅವ್ರೇ ನೋಡ್ತಿದ್ರು, ಮಾತು ನಿಂತ್ಮೇಲೆ ಸ್ಲೇಟಲ್ಲಿ ಬರ್ದು ತೋರ್ಸೋರು.

ಮುಂದೆ ಏನೇನು ಬರುತ್ತೆ ಅಂತ ಡಾಕ್ಟ್ರು ಅವ್ವನ ಎದುರೇ ಹೇಳಿದ್ರು: ಮೊದ್ಲು ಉಸಿರಾಟಕ್ಕೆ ಸಹಾಯ ಮಾಡೋ ಬೈಪ್ಯಾಪ್ ಮಾಸ್ಕು, ಹೊಟ್ಟೆಗೆ ಟ್ಯೂಬು, ಆಮೇಲೆ ಬೇಕಂದ್ರೆ ಗಂಟ್ಲಲ್ಲಿ ತೂತು ಮಾಡಿ ವೆಂಟಿಲೇಟರು. ಅವ್ವ ಸ್ಲೇಟಲ್ಲಿ ಬರ್ದಿದ್ದು "ಮಾಸ್ಕು ಆಗ್ಲಿ. ತೂತು ಬ್ಯಾಡ. ಮಿಷಿನ್ನು ಬ್ಯಾಡ." ಅದಾದ್ಮೇಲೆ ಇನ್ನೊಂದ್ಸಲ ಕೇಳಿದ್ರು, ಕೆನಡಾದಲ್ಲಿರೋ ನಮ್ಮ ಚಿಕ್ಕಮ್ಮನ ಮಗ ಫೋನಲ್ಲಿ ಹೇಳಿದ್ನಂತೆ, ಅಲ್ಲಿ ಡಾಕ್ಟ್ರೇ ಇಂಜೆಕ್ಷನ್ ಕೊಟ್ಟು ನೆಮ್ಮದಿಯಾಗಿ ಕಳ್ಸಿಕೊಡ್ತಾರೆ ಅಂತ, ಇಲ್ಲೂ ಅದು ಉಂಟಾ ಅಂತ. ಅಲ್ಲಿ 2016ರಿಂದ ಕಾನೂನೇ ಇದೆ, ನೆದರ್ಲೆಂಡ್ಸ್ ಬೆಲ್ಜಿಯಮ್‌ನಲ್ಲಿ 2002ರಿಂದ ಇದೆ, ನಿಜ. ಆದ್ರೆ ನಮ್ಮಲ್ಲಿ ಇಲ್ಲ. ಸಾಯೋಕೆ ಅಂತ ಔಷಧಿ ಕೊಡೋದು ಡಾಕ್ಟ್ರಿಗಾಗ್ಲಿ ಮನೆಯವ್ರಿಗಾಗ್ಲಿ ಅಪರಾಧ, ಇದನ್ನ ಯಾರೂ ಕನ್‌ಫ್ಯೂಸ್ ಮಾಡ್ಕೋಬೇಡಿ. ನಮ್ಮಲ್ಲಿರೋದು ಬೇರೆ: ವಾಸಿಯಾಗದ ಕಾಯಿಲೇಲಿ ಸುಮ್ನೆ ಉಸಿರು ಎಳ್ಸೋ ಚಿಕಿತ್ಸೆನ ಬೇಡ ಅನ್ನೋ ಹಕ್ಕು, ಹಾಕಿದ್ರೆ ತೆಗ್ಸೋ ಹಕ್ಕು. ಅವ್ವಂಗೆ ಇದು ಸ್ವಲ್ಪ ನಿರಾಸೆನೇ ಆಯ್ತು, ಮುಚ್ಚಿಡಲ್ಲ.

ಪ್ಯಾಲಿಯೇಟಿವ್ ಕೇರ್ (ವಾಸಿಯಾಗದ ಕಾಯಿಲೇಲಿ ನೋವು, ಸಂಕಟ ಕಮ್ಮಿ ಮಾಡೋ ಆರೈಕೆ) ಡಾಕ್ಟ್ರೊಬ್ರು ಲಿವಿಂಗ್ ವಿಲ್ ಬರ್ಸಿಡಿ ಅಂದ್ರು, ಅಂದ್ರೆ ಮುಂದೆ ಯಾವ ಚಿಕಿತ್ಸೆ ಬೇಡ ಅಂತ ಮೊದ್ಲೇ ಬರ್ದಿಡೋ ಪತ್ರ, ಕಾಗದದಲ್ಲಿ ಇದಕ್ಕೆ ಅಡ್ವಾನ್ಸ್ ಮೆಡಿಕಲ್ ಡೈರೆಕ್ಟಿವ್ ಅಂತಾರೆ. (ಮೈಸೂರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವ್ರು ಪ್ಯಾಲಿಯೇಟಿವ್ ಕೇರ್ ಮಾಡ್ತಾರೆ, ಇಂಥ ಕಾಯಿಲೆ ಗೊತ್ತಾದ ದಿನವೇ ಇಂಥವ್ರನ್ನ ಸಂಪರ್ಕ ಮಾಡಿ, ಕೊನೇ ವಾರಕ್ಕೆ ಅಂತ ಇಟ್ಕೋಬೇಡಿ.) ಪೇಪರ್ರಲ್ಲಿ ಇರಬೇಕಾಗಿದ್ದು ಇಷ್ಟು: 18 ತುಂಬಿರೋರು, ಬುದ್ಧಿ ಸ್ವಾಧೀನದಲ್ಲಿರೋರು, ಯಾರ ಒತ್ತಾಯನೂ ಇಲ್ದೆ ಬರೀತಿದೀನಿ ಅಂತ ಇರ್ಬೇಕು, ಯಾವ ಸ್ಥಿತಿಲಿ ಯಾವ ಚಿಕಿತ್ಸೆ ಬೇಡ ಅಂತ ಬಿಡ್ಸಿ ಬರೀಬೇಕು, ತನಗೆ ಮಾತಾಡಕ್ಕಾಗದಾಗ ತನ್ನ ಪರವಾಗಿ ಯಾರು ತೀರ್ಮಾನ ಮಾಡ್ಬೇಕು ಅಂತ ಹೆಸರು ಕೊಡ್ಬೇಕು, ಕರ್ನಾಟಕದ ಸುತ್ತೋಲೆ ಪ್ರಕಾರ (ಅದರ ಬಗ್ಗೆ ಮುಂದೆ ಹೇಳ್ತೀನಿ) ಕನಿಷ್ಠ ಇಬ್ರು. ನಾನು, ತಮ್ಮ. ಮನಸ್ಸು ಬದಲಾದ್ರೆ ಯಾವಾಗ ಬೇಕಾದ್ರೂ ವಾಪಸ್ ತಗೋಬೋದು ಅನ್ನೋದನ್ನೂ ಸೇರ್ಸಿ. ಇಬ್ರು ಸಾಕ್ಷಿ ಬೇಕು, ಆದಷ್ಟು ಮನೆಯವ್ರಲ್ಲದೋರು. ಆಮೇಲೆ ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಮುಂದೆ ಸಹಿ.

ನೋಟರಿ ಹತ್ರ ಹೋದ್ರೆ ಆ ಪುಣ್ಯಾತ್ಮ ಕಾಗದ ಅರ್ಧ ಓದಿ ಕೈಬಿಟ್ರು. "ಸಾಯಕ್ಕೆ ಬರ್ಕೊಡೋದಾ, ನಾಳೆ ಸೂಸೈಡ್ ಕೇಸಲ್ಲಿ ನನ್ನೂ ಸೇರ್ಸ್ತಾರೆ ಕಣಮ್ಮ." ಇನ್ನೊಬ್ರು ಪೇಶೆಂಟನ್ನ ಆಫೀಸಿಗೇ ಕರ್ಕೊಂಡು ಬನ್ನಿ ಅಂದ್ರು, ಕಾರಲ್ಲಿ ಕೂತ್ರೆ ಕತ್ತು ನಿಲ್ದೇ ಇರೋರನ್ನ ಮೆಟ್ಲು ಹತ್ಸೋದು ಹೆಂಗೆ. ಆಗ ತಮ್ಮಂಗೆ ಹೊಳೀತು ನೋಡಿ, ನಮ್ಮ ಹಸುಗಳಿಗೆ ಬರೋ ಸರ್ಕಾರಿ ಪಶುವೈದ್ಯರು ಗೆಜೆಟೆಡ್ ಆಫೀಸರೇ! ಅವ್ರೇ ಮನೆಗೆ ಬಂದ್ರು. ಕೊಟ್ಟಿಗೆ ಪಕ್ಕದ ಜಗಲಿ ಮೇಲೆ ಅವ್ವನ್ನ ದಿಂಬು ಒತ್ತಿ ಕೂರ್ಸಿದ್ವಿ, ಬೆರಳಲ್ಲಿ ಪೆನ್ ನಿಲ್ತಿರ್ಲಿಲ್ಲ, ಎಡಗೈ ಹೆಬ್ಬೆಟ್ಟು ಒತ್ತುಸ್ಬೇಕಾಯ್ತು. ಅವ್ವ ಹೆಬ್ಬೆಟ್ಟು ನೋಡಿ ಬೇಜಾರು ಮಾಡ್ಕೊಂಡು ಕಣ್ಣಲ್ಲೇ ಸ್ಲೇಟು ತೋರ್ಸಿದ್ರು, ತಾನು ಏಳನೇ ಕ್ಲಾಸ್ ಪಾಸು ಅಂತ. ಡಾಕ್ಟ್ರು ಒಂದೊಂದೇ ಸಾಲು ಜೋರಾಗಿ ಓದಿ "ಒಪ್ಗೆನಾ?" ಅಂತ ಕೇಳೋರು, ಅವ್ವ ಕಣ್ಣು ಮುಚ್ಚಿ ಬಿಟ್ಟು ಹೂಂ ಅನ್ನೋರು. ಇದನ್ನ ಮೊಬೈಲಲ್ಲಿ ವಿಡಿಯೋ ಮಾಡಿದ್ದೆ. ಕಾನೂನಿಗೆ ವಿಡಿಯೋ ಬೇಕಿಲ್ಲ, ಆದ್ರೂ ಮಾಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಇನ್ನೊಂದು ಕೆಲ್ಸ ಬಹಳ ಜನ ಬಿಟ್ಬಿಡ್ತಾರೆ. ಒಂದು ಕಾಪಿನ ಸ್ಥಳೀಯ ಸಂಸ್ಥೆಗೆ, ಅಂದ್ರೆ ಕಾರ್ಪೊರೇಷನ್ನು, ಪುರಸಭೆ ಇಲ್ಲಾ ಪಂಚಾಯ್ತಿಗೆ ಕೊಡ್ಬೇಕು, ಅವ್ರು ಅದನ್ನ ಕಾಪಾಡೋಕೆ ಒಬ್ಬ ಅಧಿಕಾರಿನ ಗೊತ್ತು ಮಾಡ್ಬೇಕು. ನಮ್ಮ ಪಂಚಾಯ್ತಿಲಿ ಇದಕ್ಕೆ ರಿಜಿಸ್ಟರೇ ಇಲ್ಲ ಅಂದ್ರು. ಇ-ಖಾತೆ ಅರ್ಜಿ ಅನ್ಕೊಂಡು ತಮ್ಮನ್ನ ಕ್ಯೂಲಿ ನಿಲ್ಸಿದ್ರಂತೆ. ಅವ್ನು ಬಿಡ್ದೇ ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬಂದ. ಕೊನೆಗೆ ಆ ಸೀಲೇ ನಮ್ಮನ್ನ ಕಾಪಾಡಿದ್ದು.

ಇಷ್ಟೆಲ್ಲ ಆದ್ಮೇಲೂ ಅವ್ವ ವೆಂಟಿಲೇಟರ್ ಮೇಲೆ ಹೋದ್ರು. ಮಧ್ಯರಾತ್ರಿ ಜೊಲ್ಲು ನೆತ್ತಿಗೇರಿ ಉಸಿರು ಕಟ್ತು, ಮುಖ ನೀಲಿಯಾಯ್ತು, ಮನೇಲಿ ತಮ್ಮ ಒಬ್ನೇ, ಪಕ್ಕದ ಮನೆಯವ್ರ ಕಾರಲ್ಲಿ ಹಾಕ್ಕೊಂಡು ಮೈಸೂರಿಗೆ ಹೊರಟ, ದಾರೀಲೇ ಪ್ರಜ್ಞೆ ಹೋಗಿತ್ತು. ಕ್ಯಾಶುವಾಲ್ಟಿಲಿ ಎದೆ ಒತ್ತಿ, ಬಾಯಿಗೆ ಟ್ಯೂಬ್ ಹಾಕಿ ಮೆಷಿನ್ನಿಗೆ ಸೇರ್ಸಿದ್ರು. ಅವ್ನ ತಪ್ಪಲ್ಲ, ಡಾಕ್ಟ್ರ ತಪ್ಪೂ ಅಲ್ಲ. ಕಣ್ಣೆದ್ರಿಗೆ ಹೆತ್ತವ್ವ ಒದ್ದಾಡ್ತಿರುವಾಗ ಯಾರು ಫೈಲು ಹುಡುಕ್ತಾರೆ ಹೇಳಿ. ಇಂಥ ರಾತ್ರಿಗೆ ಮನೇಲಿ ಏನು ಔಷಧಿ ಕೊಡ್ಬೇಕು, ಯಾರಿಗೆ ಫೋನ್ ಮಾಡ್ಬೇಕು ಅಂತ ಪ್ಯಾಲಿಯೇಟಿವ್ ಟೀಮ್ ಹತ್ರ ಬರ್ಸಿ ಗೋಡೆಗೆ ಅಂಟ್ಸಿಡಿ.

ಕೆಲವು ದಿನ ನೋಡಿದ್ರು. ಆಕ್ಸಿಜನ್ ಹೋಗ್ದೇ ಮೆದುಳಿಗೆ ಬಹಳ ಪೆಟ್ಟಾಗಿದೆ, ಎಚ್ಚರ ಬರೋ ಆಸೆ ಇಟ್ಕೋಬೇಡಿ, ಬಂದ್ರೂ ಕಾಯಿಲೆ ಬಿಡಲ್ಲ ಅಂತ ನ್ಯೂರಾಲಜಿಸ್ಟ್ ಹೇಳಿದ್ರು. ನಾವು ಪೇಪರ್ ತೋರ್ಸಿದ್ವಿ. ಅವ್ರು ಓದಿ, ಸರಿ ಅಂದು, ಆಡಳಿತದವ್ರ ಹತ್ರ ಕಳ್ಸಿದ್ರು. ಅಲ್ಲಿಂದ ಶುರುವಾಯ್ತು, ಎತ್ತು ಏರಿಗೆ, ಕೋಣ ನೀರಿಗೆ.

"ನಮ್ಮಲ್ಲಿ ಇಂಥದ್ದೆಲ್ಲ ಮಾಡಲ್ಲ, ಬೇಕಾದ್ರೆ ಬರ್ಕೊಟ್ಟು ಕರ್ಕೊಂಡೋಗಿ" ಅಂದ್ರು. ನಮ್ಮ ಕಡೆಯೋರಿಗೆಲ್ಲ ಗೊತ್ತಿರೋ ದಾರಿ ಇದು. ಡಾಕ್ಟ್ರ ಸಲಹೆಗೆ ವಿರುದ್ಧವಾಗಿ ನಾವೇ ಕರ್ಕೊಂಡು ಹೋಗ್ತಿದೀವಿ ಅಂತ ಸಹಿ ಹಾಕಿ, ಆಂಬ್ಯುಲೆನ್ಸಲ್ಲಿ ಕೈಯಲ್ಲೇ ಉಸಿರು ತುಂಬೋ ಅಂಬು ಬ್ಯಾಗ್ ಒತ್ಕೊಂಡು ಊರಿಗೆ ಹೋಗೋದು, ಮನೆ ಬಾಗ್ಲಲ್ಲಿ ಟ್ಯೂಬ್ ಕೀಳೋದು. ಚಿಕ್ಕಪ್ಪ ಅದನ್ನೇ ಹಿಡ್ಕೊಂಡ್ರು, "ಪ್ರಾಣ ಮನೇಲಿ ಹೋಗ್ಲಿ, ಬಿಲ್ಲೂ ಉಳೀತದೆ." ಆಗ ರಾತ್ರಿ ಪಾಳಿ ನರ್ಸೊಬ್ರು ನನ್ನ ಪಕ್ಕಕ್ಕೆ ಕರ್ದು ಮೆಲ್ಲಗೆ ಹೇಳಿದ್ರು, ಅಕ್ಕ, ಹಂಗೆ ಕರ್ಕೊಂಡು ಹೋದ್ರೆ ಉಸಿರುಗಟ್ಟಿದಾಗ ನಿದ್ದೆ ಬರ್ಸೋ ಔಷಧಿ ಕೊಡೋರು ಯಾರೂ ಇರಲ್ಲ, ಅಲ್ಲಿ ನೀವೊಬ್ರೇ ನೋಡ್ಕೊಂಡು ನಿಂತಿರ್ಬೇಕಾಗುತ್ತೆ ಅಂತ. ನಾನು ಈ ಬರಹ ಬರೀತಿರೋದೇ ಈ ಒಂದು ಮಾತಿಗೋಸ್ಕರ. ಆ ಕಾಗದಕ್ಕೆ ಸಹಿ ಹಾಕೋಕೆ ಮುಂಚೆ ದಯವಿಟ್ಟು ಕೇಳಿ, ಇಲ್ಲೇ, ನೋವಾಗ್ದಂಗೆ, ಕಾನೂನು ಪ್ರಕಾರ ತೆಗೀರಿ ಅಂತ ಕೇಳಿ. ಬಾಯಲ್ಲಿ ಕೇಳ್ಬೇಡಿ, ಅರ್ಜಿ ಬರ್ದು ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಲಿವಿಂಗ್ ವಿಲ್ ಇಲ್ದೇ ಇದ್ರೂ ಕೇಳ್ಬೋದು, ಆಗಲೂ ಮುಂದೆ ಹೇಳೋ ಡಾಕ್ಟ್ರುಗಳ ಎರಡು ಬೋರ್ಡೇ ನೋಡೋದು, ಒಪ್ಪಿಗೆ ಮಾತ್ರ ಹತ್ರದ ಕುಟುಂಬದೋರು ಕೊಡ್ಬೇಕು.

ನಾವು ಅರ್ಜಿ ಕೊಟ್ಮೇಲೆ ಅವ್ರ ಲೀಗಲ್ ಕಡೆಯೋರು ಹೇಳಿದ್ದು ಡಿಸಿ ಆಫೀಸಿಗೆ ಹೋಗಿ, ಕಲೆಕ್ಟರ್ ಬೋರ್ಡ್ ಮಾಡ್ಬೇಕು, ಮ್ಯಾಜಿಸ್ಟ್ರೇಟ್ ಬಂದು ಪೇಶೆಂಟ್ ನೋಡ್ಬೇಕು ಅಂತ. ನನ್ನ ಕಾಲೇಜ್ ಫ್ರೆಂಡ್ ಒಬ್ಳು ವಕೀಲೆ, ಅವ್ಳು ಬಂದು ಬಿಡ್ಸಿ ಹೇಳಿದ್ಳು. ನಮ್ಮ ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ್, ಮುಂಬೈ ಕೆಇಎಂ ಆಸ್ಪತ್ರೆ ನರ್ಸು, 1973ರಲ್ಲಿ ಹಲ್ಲೆಯಾಗಿ 2015ರವರೆಗೂ ಹಾಸಿಗೆ ಮೇಲಿದ್ರಲ್ಲ, ಅವ್ರ ಕೇಸಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಮೊದ್ಲ ಸಲ ಇದಕ್ಕೆ ದಾರಿ ತೆಗೀತು, ಆದ್ರೆ ಪ್ರತಿ ಕೇಸಿಗೂ ಹೈಕೋರ್ಟ್ ಅನುಮತಿ ಬೇಕಿತ್ತು. 2018ರ ಮಾರ್ಚ್ 9ಕ್ಕೆ ಕಾಮನ್ ಕಾಸ್ ಅನ್ನೋ ಸಂಸ್ಥೆ ಹಾಕಿದ್ದ ಕೇಸಲ್ಲಿ ಐದು ಜಡ್ಜ್‌ಗಳ ಪೀಠ ಘನತೆಯ ಸಾವು ಮೂಲಭೂತ ಹಕ್ಕು ಅಂತು, ಲಿವಿಂಗ್ ವಿಲ್ ಒಪ್ತು. ಕಲೆಕ್ಟರು, ಮ್ಯಾಜಿಸ್ಟ್ರೇಟ್ ಭೇಟಿ ಎಲ್ಲ ಆಗಿನ ನಿಯಮ. ಅದು ಯಾರ ಕೈಲೂ ಆಗ್ತಿಲ್ಲ ಅಂತ ಗೊತ್ತಾಗಿ 2023ರ ಜನವರಿ 24ಕ್ಕೆ ಕೋರ್ಟೇ ಸಡಿಲ ಮಾಡ್ತು. ಆಸ್ಪತ್ರೆಯವ್ರು ಹೇಳ್ತಿದ್ದಿದ್ದು ಹಳೇ ಪಾಠ. ಅದರ ಮೇಲೆ 2025ರ ಜನವರಿ 30ಕ್ಕೆ ಕರ್ನಾಟಕ ಆರೋಗ್ಯ ಇಲಾಖೆನೇ ಇದನ್ನ ಹೆಂಗೆ ಮಾಡ್ಬೇಕು ಅಂತ ಸುತ್ತೋಲೆ ಹೊರಡಿಸಿದೆ. ದಾವಣಗೆರೆಯ ನಿವೃತ್ತ ಟೀಚರ್ ಎಚ್.ಬಿ. ಕರಿಬಸಮ್ಮ ಅವ್ರು ವರ್ಷಗಟ್ಟಲೆ ಇದಕ್ಕೋಸ್ಕರ ಹೋರಾಡಿದ್ರಲ್ಲ, ಆಗ ಪೇಪರಲ್ಲೆಲ್ಲ ಅವ್ರ ಹೆಸರು ಬಂದಿತ್ತು. ಸುತ್ತೋಲೆ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟ ಮೇಲೆ ಆಸ್ಪತ್ರೆಯವ್ರ ಧಾಟಿನೇ ಬದಲಾಯ್ತು. ನೀವೂ ಆ ಪ್ರಿಂಟ್ ಇಟ್ಕೊಂಡೇ ಹೋಗಿ.

ಮೊದ್ಲು ಆಸ್ಪತ್ರೆಯವ್ರು ಪ್ರೈಮರಿ ಬೋರ್ಡ್ ಮಾಡ್ಬೇಕು, ಅಂದ್ರೆ ನೋಡ್ತಿರೋ ಡಾಕ್ಟ್ರು ಜೊತೆಗೆ ಐದು ವರ್ಷ ಅನುಭವ ಇರೋ ಇನ್ನಿಬ್ರು ತಜ್ಞರು. ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡ್ಬೇಕು. ಪೇಪರ್ ಅಸಲಿನಾ ಅಂತ ಆಸ್ಪತ್ರೆಯವ್ರು ಪರಿಶೀಲಿಸ್ಬೇಕು, ಪಂಚಾಯ್ತಿಗೆ ಫೋನ್ ಮಾಡಿದ್ರು, ಅಲ್ಲಿದ್ದ ಕಾಪಿ, ಸೀಲು, ತಾರೀಕು ಎಲ್ಲ ತಾಳೆ ಆಯ್ತು. ಇದು ಸಲೀಸು. ನಿಂತಿದ್ದು ನಮ್ಮ ಮನೇಲಿ.

ಬೋರ್ಡ್ ಒಪ್ಪಿದ್ಮೇಲೆ ಪೇಪರ್ರಲ್ಲಿ ಹೆಸರಿರೋ ನಾವಿಬ್ರೂ ಒಪ್ಪಿಗೆ ಕೊಡ್ಬೇಕಿತ್ತು. ತಮ್ಮ ಸಹಿ ಹಾಕ್ಲಿಲ್ಲ. "ನಾನ್ ಸೈನ್ ಆಕುದ್ರೆ ನಾನೇ ಕೈಯಾರ ಕೊಂದಂಗಾಯ್ತದೆ ಕಣಕ್ಕ" ಅಂತ ಹೇಳಿ ಹೊರಗೆ ಹೋಗಿ ಪಾರ್ಕಿಂಗಲ್ಲಿ ಕೂತ್ಬಿಟ್ಟ. ಊರಲ್ಲಿ ಆಗ್ಲೇ ಮಾತು ಶುರುವಾಗಿತ್ತು, ಮಗಳು ಆಸ್ತಿಗೋಸ್ಕರ ಸಾಯ್ಸಕ್ಕೆ ಒಂಟವ್ಳೆ ಅಂತ (ಇರೋದು ಒಂದೆಕರೆ ಚಿಲ್ರೆ, ಅದೂ ಅವ್ನ ಹೆಸ್ರಲ್ಲೇ). ಚಿಕ್ಕಪ್ಪ ನನ್ನ ಮುಖ ನೋಡೋದೇ ಬಿಟ್ರು. ನಾನು ಅವ್ನ ಹತ್ರ ವಾದ ಮಾಡ್ಲಿಲ್ಲ, ವಾದ ಮಾಡೋ ಶಕ್ತಿನೂ ಇರ್ಲಿಲ್ಲ. ಜಗಲಿ ಮೇಲಿನ ಆ ವಿಡಿಯೋ ಅವ್ನ ಫೋನಿಗೆ ಕಳ್ಸಿದೆ. ಅವತ್ತು ಅವ್ನೇ ಅವ್ವನ ಬೆನ್ನಿಗೆ ಒರಗಿ ಕೂತು ದಿಂಬು ಹಿಡ್ಕೊಂಡಿದ್ದ, ಪಶುವೈದ್ಯರು "ಮಿಷಿನ್ ಹಾಕಿದ್ರೂ ತೆಗೀಬೇಕಾ?" ಅಂತ ಕೇಳ್ದಾಗ ಅವ್ವ ಕಣ್ಣು ಮುಚ್ಚಿ ಬಿಟ್ಟಿದ್ದಲ್ದೆ, ಕತ್ತು ಹೊರಳಿಸೋಕೆ ಕಷ್ಟ ಪಟ್ಟು ಇವ್ನ ಕಡೆ ತಿರುಗಿ ನೋಡಿದ್ರು. ರಾತ್ರಿ ಅವ್ನು ಮೇಲೆ ಬಂದು ಪೆನ್ ಕೇಳ್ದ. ಏನೂ ಮಾತಾಡ್ಲಿಲ್ಲ.

ಆಮೇಲೆ ಸೆಕೆಂಡರಿ ಬೋರ್ಡ್. ಇದರಲ್ಲಿ ಮೊದಲ ಬೋರ್ಡಲ್ಲಿ ಇಲ್ಲದ ಇಬ್ರು ತಜ್ಞರು, ಮತ್ತೆ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್ಓ) ನೇಮಿಸೋ ಒಬ್ಬ ಡಾಕ್ಟ್ರು ಇರ್ಬೇಕು. ಡಿಎಚ್ಓ ನೇಮಕ ಮಾಡ್ಬೇಕಾಗಿರೋದು ಅಂಗಾಂಗ ಕಸಿ ಕಾಯ್ದೆಯಡಿ ಅನುಮೋದನೆ ಆಗಿರೋ ಡಾಕ್ಟ್ರುಗಳಲ್ಲಿ ಒಬ್ರನ್ನ. ಇದ್ರಿಂದ ಒಂದು ತಮಾಷೆ ಆಯ್ತು, ಕಚೇರಿಲಿದ್ದವ್ರು ಕಾಗದ ನೋಡಿ ಓ ಅಂಗಾಂಗ ದಾನನಾ ಅಂತ ಬೇರೆ ಮೇಜಿಗೆ ಕಳ್ಸಿದ್ರು, ಆ ಮೇಜಿನೋರು ಬಹಳ ಒಳ್ಳೆ ಕೆಲ್ಸ ಮಾಡ್ತಿದೀರಿ ಅಂತ ನಮಗೆ ಕೈ ಮುಗಿದ್ರು. ಅಷ್ಟರಲ್ಲಿ ದಸರಾ. ಆಯುಧಪೂಜೆ, ವಿಜಯದಶಮಿ, ಭಾನುವಾರ, ಕಚೇರಿ ಬಾಗ್ಲು ಹಾಕಿತ್ತು. ಊರೆಲ್ಲ ಲೈಟಿಂಗ್ಸು, ಜಂಬೂಸವಾರಿ ದಿನ ರಸ್ತೆ ಬಂದ್, ನಾನು ಸುತ್ತಿ ಬಳಸಿ ನಡ್ಕೊಂಡೇ ಆಸ್ಪತ್ರೆ ಸೇರ್ದೆ, ಮೇಲೆ ಐಸಿಯುಲಿ ಅವ್ವನ ಮೆಷಿನ್ನು ಉಸಿರೆಳೀತಾ ಇತ್ತು, ಕಿಟಕಿಯಿಂದ ಬ್ಯಾಂಡ್ ಸೆಟ್ಟು ಕೇಳ್ತಿತ್ತು. ಬಿಲ್ಲಂತೂ ರಜೆ ತಗೊಳ್ಳಲ್ವಲ್ಲ. ದಿನಕ್ಕೆ 25,000 ಆಸುಪಾಸು ಬೀಳ್ತಿತ್ತು, ಔಷಧಿ ಬೇರೆ. ನೀವು ಹೋಗೋದಾದ್ರೆ ಪ್ರೈಮರಿ ಬೋರ್ಡ್ ಕೂತ ದಿನವೇ ಡಿಎಚ್ಓಗೆ ಆಸ್ಪತ್ರೆಯಿಂದ ಪತ್ರ ಹೋಗೋಹಂಗೆ ನೋಡ್ಕೊಳ್ಳಿ, ಒಂದಾದ್ಮೇಲೆ ಒಂದು ಅಂತ ಕಾಯ್ಬೇಡಿ.

ರಜೆ ಮುಗ್ದು ನೇಮಕ ಬಂತು, ಬೋರ್ಡ್ ಬಂದು ನೋಡ್ತು, ಒಪ್ತು. ಒಪ್ಪದೇ ಇದ್ರೆ ಅಥವಾ ಆಸ್ಪತ್ರೆ ಮಾಡೋದೇ ಇಲ್ಲ ಅಂತ ಕೂತ್ರೆ ಹೈಕೋರ್ಟಿಗೆ ಹೋಗೋ ದಾರಿ ಇದೆ. ಕೊನೇ ಹೆಜ್ಜೆ ಜೆಎಂಎಫ್‌ಸಿ, ಅಂದ್ರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್‌ಗೆ ತಿಳ್ಸೋದು. ಎರಡೂ ಬೋರ್ಡಿನ ತೀರ್ಮಾನ, ನಮ್ಮ ಒಪ್ಪಿಗೆ ಇಷ್ಟನ್ನ ಆಸ್ಪತ್ರೆನೇ ಕಳ್ಸ್ಬೇಕು. ಕೋರ್ಟಿಂದ ಆರ್ಡರ್ ಬರ್ಲಿ ಅಂತ ಆಡಳಿತದವ್ರು ಮತ್ತೆ ಕೂತ್ರು. ಇದು ತಿಳ್ಸೋದು ಅಷ್ಟೇ, ಅನುಮತಿ ಕೇಳೋದಲ್ಲ, ಅಲ್ಲಿಂದ ಕಾಪಿ ಹೈಕೋರ್ಟ್ ರಿಜಿಸ್ಟ್ರಾರ್‌ಗೆ ದಾಖಲೆಗೆ ಹೋಗುತ್ತೆ ಅಂತ ಫ್ರೆಂಡು ಸುತ್ತೋಲೆ ಸಾಲಿಗೆ ಗೆರೆ ಎಳೆದು ತೋರ್ಸಿದ್ಮೇಲೆ ಮನುಷ್ಯನ ಕೈಲಿ ಪತ್ರ ಕಳ್ಸಿ ಸೀಲ್ ತರ್ಸಿಕೊಂಡ್ರು.

ತೆಗ್ಯೋ ದಿನ ಸಂಜೆ ಮಾಡೋಣ ಅಂತ ನಾವೇ ಕೇಳಿದ್ವಿ. ಒಂದು ರೂಮ್ ಕೊಟ್ರು, ಮಾನಿಟರ್ ಸೌಂಡ್ ಆಫ್ ಮಾಡಿದ್ರು. ಮೊದ್ಲು ಸಂಕಟಕ್ಕೆ ಮಾರ್ಫಿನ್, ನಿದ್ದೆಗೆ ಮಿಡಜೊಲಾಮ್ ಡ್ರಿಪ್ಪಲ್ಲಿ ಹಾಕಿ, ಗಂಟ್ಲಲ್ಲಿ ಕಫ ಕಟ್ಟದಂಗೆ ಒಂದು ಇಂಜೆಕ್ಷನ್ ಕೊಟ್ಟು, ಮುಖದಲ್ಲಿ ಒಂಚೂರೂ ಸಂಕಟ ಕಾಣದಂಗೆ ಆದ್ಮೇಲೆ ಟ್ಯೂಬ್ ತೆಗೆದ್ರು. ಟ್ಯೂಬ್ ಕಟ್ಟಿದ್ದ ಪಟ್ಟಿ ಕೆನ್ನೆ ಮೇಲೆ ಕೆಂಪಗೆ ಗೆರೆ ಮಾಡಿತ್ತು, ತುಟಿ ಒಡೆದಿತ್ತು, ನರ್ಸು ಒದ್ದೆ ಹತ್ತಿಲಿ ಒರೆಸಿ ಬೆಣ್ಣೆ ಇದ್ರೆ ಹಚ್ಚಿ ಅಂದ್ರು, ವ್ಯಾಸಲಿನ್ ಇತ್ತು ಅದನ್ನೇ ಹಚ್ಚಿದೆ. ತೆಗೆದ ತಕ್ಷಣ ಹೋಗ್ತಾರೆ ಅಂತ ನಾವು ಅನ್ಕೊಂಡಿದ್ವಿ. ಹಂಗಾಗಲ್ಲ. ಕೆಲವ್ರಿಗೆ ನಿಮಿಷ, ಕೆಲವ್ರಿಗೆ ಗಂಟೆ, ಕೆಲವ್ರಿಗೆ ದಿನಗಳೂ ಆಗುತ್ತೆ, ಇದನ್ನ ಮೊದ್ಲೇ ಬಂಧು ಬಳಗಕ್ಕೆ ಹೇಳಿಟ್ಟಿರಿ, ಇಲ್ಲಾಂದ್ರೆ ನೋಡಿ ಉಸಿರಾಡ್ತಿದಾರೆ ವಾಪಸ್ ಹಾಕಿ ಅಂತ ಯಾರೋ ಒಬ್ರು ಶುರು ಮಾಡ್ತಾರೆ. ಉಸಿರು ಮಧ್ಯೆ ಮಧ್ಯೆ ನಿಂತು ಮತ್ತೆ ಬರ್ತಿತ್ತು, ಪ್ರತಿ ಸಲ ನಿಂತಾಗ್ಲೂ ನಾನೂ ತಮ್ಮನೂ ಉಸಿರು ಹಿಡ್ಕೊಳ್ತಿದ್ವಿ. ತಮ್ಮ ಕಾಲು ಒತ್ತುತ್ತಾ ಈ ವರ್ಷ ಕಬ್ಬಿನ ತೂಕ ಏನ್ ಬಂತು, ಕೆಂಪು ಹಸು ಗಬ್ಬ ನಿಂತಿದೆ ಅಂತೆಲ್ಲ ಹೇಳ್ತಾನೇ ಇದ್ದ. ಬೆಳಗಿನ ಜಾವ ಹೋದ್ರು.

ಪೊಲೀಸು, ಪೋಸ್ಟ್‌ಮಾರ್ಟಮ್ ಏನೂ ಇಲ್ಲ, ಎಂಎಲ್‌ಸಿ (ಪೊಲೀಸರಿಗೆ ತಿಳ್ಸಬೇಕಾದ) ಕೇಸ್ ಅಲ್ವಲ್ಲ. ಸಾವಿನ ಕಾರಣ ಅಂತ ಫಾರಂ 4ರಲ್ಲಿ ಮೋಟಾರ್ ನ್ಯೂರಾನ್ ಕಾಯಿಲೆ ಅಂತಲೇ ಬರೀತಾರೆ, ಡಿಸ್ಚಾರ್ಜ್ ಸಮ್ಮರಿಲೂ ಅದೇ ಇರ್ಬೇಕು, ಬಾಡಿ ತಗೊಳ್ಳೋ ಮುಂಚೆ ಎರಡನ್ನೂ ಓದ್ಕೊಳ್ಳಿ. ಒಟ್ಟು ಬಿಲ್ಲು 4 ಲಕ್ಷ ದಾಟ್ತು, ಅದರಲ್ಲಿ ರಜೆ ದಿನಗಳದ್ದೇ ದೊಡ್ಡ ಪಾಲು. ಬೋರ್ಡ್ ಡಾಕ್ಟ್ರ ವಿಸಿಟ್ ಚಾರ್ಜೂ ಸೇರ್ಸಿದ್ರು, ಬಿಡ್ಸಿ ತೋರ್ಸಿ ಅಂತ ಕೇಳಿದ್ಮೇಲೆ ಸ್ವಲ್ಪ ಇಳ್ಸಿದ್ರು. ತಮ್ಮ ಸೊಸೈಟಿಲಿ ಸಾಲ ಮಾಡಿದಾನೆ.

ಚಿಕ್ಕಪ್ಪ ತಿಥಿಗೆ ಬರ್ಲಿಲ್ಲ. ಪಶುವೈದ್ಯರು ಬಂದಿದ್ರು, ಊಟ ಮಾಡಿ, ಹೋಗೋವಾಗ ಕೊಟ್ಟಿಗೆಗೆ ಹೋಗಿ ಕೆಂಪು ಹಸುನ ಚೆಕ್ ಮಾಡಿ ಹೋದ್ರು. ಪಂಚಾಯ್ತಿಯವ್ರು ಆ ಕಾಗದದ ಮಾದರಿ ಒಂದು ಕೊಡಿ ಅಂತ ತಮ್ಮನ್ನ ಕೇಳಿದಾರಂತೆ, ನಮ್ಮೂರಲ್ಲೇ ಇನ್ನಿಬ್ರು ಬಂದು ವಿಚಾರ್ಸಿದ್ರಂತೆ. ಡೆತ್ ಸರ್ಟಿಫಿಕೇಟ್ ಮಾತ್ರ ಇನ್ನೂ ಕೈಗೆ ಬಂದಿಲ್ಲ, ಆಸ್ಪತ್ರೆಯವ್ರು 21 ದಿನದೊಳಗೇ ರಿಜಿಸ್ಟರ್ ಮಾಡ್ಸಿದಾರೆ, ಆದ್ರೆ ಆಧಾರಲ್ಲಿ ಅವ್ವನ ಹೆಸರು ಒಂಥರ, ಪಹಣಿಲಿ ಒಂಥರ ಇದೆ, ಅದಕ್ಕೊಂದು ಅಫಿಡವಿಟ್ ಬೇಕಂತೆ. ನಾಳೆ ನೋಟರಿ ಹತ್ರ ಹೋಗ್ಬೇಕು.